ಪರಿಸರ ಸಮಾಜಶಾಸ್ತ್ರ

ಪರಿಸರ ಸಮಾಜಶಾಸ್ತ್ರವು ಮಾನವ ಸಮಾಜ ಮತ್ತು ನೈಸರ್ಗಿಕ ಪರಿಸರದ ನಡುವಣ ಪರಸ್ಪರ ಸಂಬಂಧವನ್ನು ಅಧ್ಯಯನ ಮಾಡುವ ಸಮಾಜಶಾಸ್ತ್ರದ ಒಂದು ಶಾಖೆ. ಕಾಡು, ನೀರು, ಭೂಮಿ, ಖನಿಜ ಮತ್ತು ವನ್ಯಜೀವಿಗಳ ಮೇಲೆ ಯಾರಿಗೆ ಹಕ್ಕಿದೆ, ಅವುಗಳ ಬಳಕೆಯ ಬಗ್ಗೆ ಯಾರು ತೀರ್ಮಾನಿಸುತ್ತಾರೆ, ಆ ತೀರ್ಮಾನದ ಲಾಭ ಯಾರಿಗೆ ಸಲ್ಲುತ್ತದೆ, ನಷ್ಟವನ್ನು ಯಾರು ಹೊರುತ್ತಾರೆ ಎಂಬುವು ಈ ಶಾಸ್ತ್ರದ ಮೂಲಭೂತ ಪ್ರಶ್ನೆಗಳು. ಪರಿಸರದ ಬಗೆಗಿನ ತಿಳಿವಳಿಕೆ ಹೇಗೆ ರೂಪುಗೊಳ್ಳುತ್ತದೆ, ಯಾರ ತಿಳಿವಳಿಕೆಯನ್ನು ಜ್ಞಾನವೆಂದು ಪರಿಗಣಿಸಲಾಗುತ್ತದೆ ಎಂಬುದನ್ನೂ ಇದು ಪರಿಶೀಲಿಸುತ್ತದೆ.

ಸಮಾಜಶಾಸ್ತ್ರದ ಪ್ರತ್ಯೇಕ ಶಾಖೆಯಾಗಿ ಇದು 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಭಾರತದಲ್ಲಿ ಅರಣ್ಯ, ಅಣೆಕಟ್ಟು ಮತ್ತು ಬುಡಕಟ್ಟು ಹಕ್ಕುಗಳ ಕುರಿತ ಚಳವಳಿಗಳ ಜೊತೆಯಲ್ಲಿ ಬೆಳೆಯಿತು. ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳ ಬೆಟ್ಟಸೀಮೆ, ವಿಶೇಷವಾಗಿ ಸೋಲಿಗರ ನೆಲೆಯಾದ ಬಿಳಿಗಿರಿರಂಗನ ಬೆಟ್ಟ, ಈ ಶಾಸ್ತ್ರದ ಪ್ರಶ್ನೆಗಳಿಗೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ವ್ಯಾಪ್ತಿ

ಪರಿಸರ ವಿಜ್ಞಾನವು ಗಾಳಿ, ನೀರು, ಮಣ್ಣು ಮತ್ತು ಜೀವಿಗಳ ಸ್ಥಿತಿಯನ್ನು ಅಳೆಯುತ್ತದೆ. ಪರಿಸರ ಸಮಾಜಶಾಸ್ತ್ರವು ಆ ಸ್ಥಿತಿಗೆ ಕಾರಣವಾದ ಸಾಮಾಜಿಕ ವ್ಯವಸ್ಥೆಯನ್ನು ವಿಚಾರಿಸುತ್ತದೆ. ಒಂದು ಕೆರೆ ಹೂಳು ತುಂಬಿ ಬತ್ತಿದರೆ ಹೂಳಿನ ಪ್ರಮಾಣವನ್ನು ಮೊದಲನೆಯದು ಹೇಳಬಲ್ಲದು. ಕೆರೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಕೆಲಸ ಏಕೆ ನಿಂತಿತು, ಕೊಳವೆಬಾವಿ ತೆಗೆಸಬಲ್ಲವರು ಕೆರೆಯ ಚಿಂತೆಯನ್ನು ಯಾವಾಗ ಬಿಟ್ಟರು, ಕೆರೆಯನ್ನೇ ನಂಬಿದ್ದ ಸಣ್ಣ ಹಿಡುವಳಿದಾರರು ಏನಾದರು ಎಂಬುದು ಎರಡನೆಯದರ ವಿಷಯ.

ಮಾನವಶಾಸ್ತ್ರ, ಭೂಗೋಳಶಾಸ್ತ್ರ, ಪರಿಸರ ಚರಿತ್ರೆ, ಅರ್ಥಶಾಸ್ತ್ರ ಮತ್ತು ಕಾನೂನು ಅಧ್ಯಯನಗಳೊಡನೆ ಈ ಶಾಖೆಗೆ ನಿಕಟ ಸಂಬಂಧವಿದೆ. ಕೈಗಾರಿಕಾ ಮಾಲಿನ್ಯ, ನಗರಗಳ ತ್ಯಾಜ್ಯ, ಹವಾಮಾನ ಬದಲಾವಣೆ, ವಿಪತ್ತುಗಳು, ಗಣಿಗಾರಿಕೆ, ಅರಣ್ಯ ಸಂರಕ್ಷಣೆ, ಮಾನವ–ವನ್ಯಜೀವಿ ಸಂಘರ್ಷ ಮತ್ತು ಪರಿಸರ ಚಳವಳಿಗಳು ಇದರ ವ್ಯಾಪ್ತಿಗೆ ಬರುತ್ತವೆ.

ಬೆಳವಣಿಗೆ

ಆರಂಭದ ಸಮಾಜಶಾಸ್ತ್ರಜ್ಞರು ಸಾಮಾಜಿಕ ಸಂಗತಿಗಳನ್ನು ಸಾಮಾಜಿಕ ಕಾರಣಗಳಿಂದಲೇ ವಿವರಿಸಬೇಕೆಂದು ವಾದಿಸಿದ್ದರು. ಇದರಿಂದ ಸಮಾಜಶಾಸ್ತ್ರಕ್ಕೆ ಸ್ವತಂತ್ರ ಸ್ಥಾನ ದೊರೆಯಿತಾದರೂ ಪ್ರಕೃತಿಯು ಅದರ ಗಮನದಿಂದ ಬಹುಕಾಲ ದೂರವುಳಿಯಿತು. 1976ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘವು ಪರಿಸರಕ್ಕಾಗಿ ಪ್ರತ್ಯೇಕ ವಿಭಾಗವನ್ನು ಆರಂಭಿಸಿತು. 1978ರಲ್ಲಿ ವಿಲಿಯಂ ಕ್ಯಾಟನ್ ಮತ್ತು ರೈಲಿ ಡನ್ಲಪ್ ಪ್ರಕಟಿಸಿದ ಲೇಖನವನ್ನು ಈ ಶಾಖೆಯ ಆರಂಭಬಿಂದುವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮನುಷ್ಯನು ತನ್ನ ಸಂಸ್ಕೃತಿ ಮತ್ತು ತಂತ್ರಜ್ಞಾನದ ಬಲದಿಂದ ಪ್ರಕೃತಿಯ ಮಿತಿಗಳಿಂದ ವಿನಾಯಿತಿ ಪಡೆದಿದ್ದಾನೆ ಎಂಬ ನಂಬಿಕೆಯು ಸಮಾಜಶಾಸ್ತ್ರದ ಎಲ್ಲ ಪಂಥಗಳಲ್ಲಿಯೂ ಅಡಗಿದೆ ಎಂದು ಅವರು ತೋರಿಸಿದರು.

ಭಾರತದಲ್ಲಿ ಇದಕ್ಕೂ ಹಿಂದಿನ ಒಂದು ಪರಂಪರೆಯಿದೆ. ಲಖನೌ ವಿಶ್ವವಿದ್ಯಾಲಯದ ರಾಧಾಕಮಲ್ ಮುಖರ್ಜಿ ಅವರು 1920ರ ದಶಕದಲ್ಲಿಯೇ ಪ್ರಾದೇಶಿಕ ಸಮಾಜಶಾಸ್ತ್ರ ಮತ್ತು ಸಾಮಾಜಿಕ ಪರಿಸರಶಾಸ್ತ್ರದ ಬಗ್ಗೆ ಬರೆದಿದ್ದರು. 1973ರಲ್ಲಿ ಹಿಮಾಲಯದ ತಪ್ಪಲಿನಲ್ಲಿ ಆರಂಭವಾದ ಚಿಪ್ಕೊ ಚಳವಳಿಯು ಅರಣ್ಯದ ಪ್ರಶ್ನೆಯನ್ನು ಗ್ರಾಮೀಣ ಜೀವನೋಪಾಯದ ಪ್ರಶ್ನೆಯಾಗಿ ಮುಂದಿಟ್ಟಿತು. ಈ ಪ್ರದೇಶದ ರೈತ ಪ್ರತಿರೋಧವನ್ನು ಕುರಿತು ರಾಮಚಂದ್ರ ಗುಹಾ ಬರೆದ ಗ್ರಂಥ 1989ರಲ್ಲಿಯೂ, ನರ್ಮದಾ ಕಣಿವೆಯ ಬುಡಕಟ್ಟು ಜನರನ್ನು ಕುರಿತು ಅಮಿತಾ ಬಾವಿಸ್ಕರ್ ಬರೆದ ಗ್ರಂಥ 1995ರಲ್ಲಿಯೂ ಪ್ರಕಟವಾದವು.

ಕರ್ನಾಟಕದಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಇದೇ ಜಿಲ್ಲೆಯ ಬಿದಿರಿನ ಕಾಡುಗಳನ್ನು ಅಧ್ಯಯನ ಮಾಡಿದ್ದರು. ಬಿದಿರು ನಾಶವಾಗಲು ಹಳ್ಳಿಗರು ದನ ಮೇಯಿಸುವುದೇ ಕಾರಣವೆಂಬ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. ಕಾಗದ ಕಾರ್ಖಾನೆಗಾಗಿ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದುದರಿಂದ ಎಳೆಯ ಕಳಲೆಗೆ ರಕ್ಷಣೆ ಇಲ್ಲದಂತಾಗುತ್ತಿತ್ತು ಎಂಬುದು ಕ್ಷೇತ್ರ ಪರಿಶೀಲನೆಯಿಂದ ತಿಳಿದುಬಂದಿತು. ಆಪಾದನೆ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೂ ನಿಜವಾದ ಕಾರಣಕ್ಕೂ ಅಂತರವಿರಬಹುದು ಎನ್ನುವುದಕ್ಕೆ ಇದು ಉದಾಹರಣೆ. ಗಾಡ್ಗೀಳ್ ಮತ್ತು ಗುಹಾ ಒಟ್ಟಾಗಿ ಬರೆದ ಭಾರತದ ಪರಿಸರ ಚರಿತ್ರೆಯ ಗ್ರಂಥವು 1992ರಲ್ಲಿ ಪ್ರಕಟವಾಯಿತು.

ಪ್ರಮುಖ ಸಿದ್ಧಾಂತಗಳು

ಉತ್ಪಾದನೆಯ ತುಳಿಗಾಲಿ: ಅಲನ್ ಶ್ನೈಬರ್ಗ್ 1980ರಲ್ಲಿ ಮಂಡಿಸಿದ ಸಿದ್ಧಾಂತವಿದು. ಲಾಭಕ್ಕಾಗಿ ಉತ್ಪಾದನೆ ಹೆಚ್ಚುತ್ತಲೇ ಹೋಗಬೇಕು. ಉದ್ಯೋಗ ಮತ್ತು ತೆರಿಗೆಗಾಗಿ ಕಾರ್ಮಿಕರೂ ಸರ್ಕಾರವೂ ಅದನ್ನೇ ಬಯಸುತ್ತಾರೆ. ನಿಂತಲ್ಲೇ ತುಳಿಯುತ್ತಿರಬೇಕಾದ ಗಾಲಿಯಂತೆ ಈ ವ್ಯವಸ್ಥೆಯು ನಿಲ್ಲಲಾರದೆ ಸಂಪನ್ಮೂಲಗಳನ್ನು ಬರಿದುಮಾಡುತ್ತದೆ ಎಂಬುದು ಇದರ ತಿರುಳು.

ಅಪಾಯದ ಸಮಾಜ: ಜರ್ಮನಿಯ ಉಲ್ರಿಚ್ ಬೆಕ್ 1986ರಲ್ಲಿ ಪ್ರತಿಪಾದಿಸಿದ ಈ ಚಿಂತನೆಯ ಪ್ರಕಾರ, ಆಧುನಿಕ ಸಮಾಜವು ಸಂಪತ್ತಿನ ಹಂಚಿಕೆಯಷ್ಟೇ ಮುಖ್ಯವಾಗಿ ತಾನೇ ಸೃಷ್ಟಿಸಿದ ಅಪಾಯಗಳ ಹಂಚಿಕೆಯನ್ನೂ ಎದುರಿಸಬೇಕಾಗಿದೆ. ವಿಕಿರಣ ಮತ್ತು ರಾಸಾಯನಿಕ ವಿಷಗಳು ಬರಿಗಣ್ಣಿಗೆ ಕಾಣದಿರುವುದರಿಂದ ಜನರು ತಜ್ಞರನ್ನು ಅವಲಂಬಿಸಬೇಕಾಗುತ್ತದೆ.

ಪರಿಸರೀಯ ಆಧುನೀಕರಣ: ಉತ್ತಮ ತಂತ್ರಜ್ಞಾನ, ನಿಯಮ ಮತ್ತು ಮಾರುಕಟ್ಟೆಯ ಸುಧಾರಣೆಗಳಿಂದ ಕೈಗಾರಿಕಾ ಸಮಾಜವು ಪರಿಸರ ಹಾನಿಯನ್ನು ತಗ್ಗಿಸಬಲ್ಲದು ಎಂಬ ನಿಲುವಿದು. ತುಳಿಗಾಲಿ ಸಿದ್ಧಾಂತದವರು ಇದನ್ನು ಒಪ್ಪುವುದಿಲ್ಲ.

ಪರಿಸರ ನ್ಯಾಯ: 1982ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಾರನ್ ಕೌಂಟಿಯಲ್ಲಿ, ಕಪ್ಪು ಜನರು ಹೆಚ್ಚಾಗಿ ವಾಸಿಸುವ ಪ್ರದೇಶದಲ್ಲಿ ವಿಷಕಾರಿ ತ್ಯಾಜ್ಯವನ್ನು ಹೂಳುವುದರ ವಿರುದ್ಧ ನಡೆದ ಹೋರಾಟದಿಂದ ಈ ಚಿಂತನೆಗೆ ಬಲ ಬಂದಿತು. ಮಾಲಿನ್ಯದ ಹೊರೆ ದುರ್ಬಲರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದನ್ನು ಇದು ಎತ್ತಿ ತೋರಿಸಿತು.

ಬಡವರ ಪರಿಸರವಾದ: ಪರಿಸರ ಕಾಳಜಿಯು ಉಂಡು ತೃಪ್ತರಾದವರ ಹವ್ಯಾಸ ಎಂಬ ಮಾತನ್ನು ರಾಮಚಂದ್ರ ಗುಹಾ ಮತ್ತು ಹುವಾನ್ ಮಾರ್ಟಿನೆಜ್ ಅಲಿಯೆರ್ ನಿರಾಕರಿಸಿದರು. ಸೌದೆ, ಮೇವು ಮತ್ತು ನೀರಿಗಾಗಿ ಪ್ರಕೃತಿಯನ್ನೇ ಅವಲಂಬಿಸಿದ ಬಡವರು ತಮ್ಮ ಬದುಕಿಗಾಗಿ ಅದನ್ನು ಕಾಯುತ್ತಾರೆ ಎಂದು ಅವರು ವಾದಿಸಿದರು. ಇದೇ ಅವಲಂಬನೆಯು ಹೆಣ್ಣು ಮತ್ತು ಗಂಡಿಗೆ ಬೇರೆಬೇರೆಯಾಗಿರುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1992ರಲ್ಲಿ ವಿವರಿಸಿದರು.

ಸಾಮುದಾಯಿಕ ಸಂಪನ್ಮೂಲ: ಎಲ್ಲರಿಗೂ ಸೇರಿದ ಗೋಮಾಳವು ಕೊನೆಗೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹೇಳಿದ್ದರು. ಜನರು ತಾವೇ ನಿಯಮಗಳನ್ನು ರೂಪಿಸಿಕೊಂಡು ಸಾಮುದಾಯಿಕ ಸಂಪನ್ಮೂಲಗಳನ್ನು ದೀರ್ಘಕಾಲ ಉಳಿಸಿಕೊಂಡ ನಿದರ್ಶನಗಳನ್ನು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಮುಂದಿಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ನಿದರ್ಶನ: ಬಿಳಿಗಿರಿರಂಗನ ಬೆಟ್ಟ

ಆಡಳಿತದ ಹಿನ್ನೆಲೆ

ಪಶ್ಚಿಮ ಮತ್ತು ಪೂರ್ವ ಘಟ್ಟಗಳನ್ನು ಬೆಸೆಯುವ ಬಿಳಿಗಿರಿರಂಗನ ಬೆಟ್ಟಸಾಲು ಇಂದು ಒಂದೇ ಜಿಲ್ಲೆಯಲ್ಲಿದ್ದರೂ ಹಿಂದೆ ಈ ಸೀಮೆಯು ಬೇರೆಬೇರೆ ಆಡಳಿತಗಳಿಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿತ್ತು. ಇಂದಿನ ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಅಕ್ಕಪಕ್ಕದ ಕಾಡುಗಳಿಗೆ ಒಂದೆಡೆ 1882ರ ಮದರಾಸು ಅರಣ್ಯ ಕಾಯ್ದೆಯೂ ಇನ್ನೊಂದೆಡೆ ಮೈಸೂರಿನ ಅರಣ್ಯ ನಿಯಮಗಳೂ ಅನ್ವಯವಾಗುತ್ತಿದ್ದವು. ಎರಡೂ ಕಡೆಗಳಲ್ಲಿ ಕಾಡು ಸರ್ಕಾರದ ಸ್ವತ್ತಾಯಿತು. ಕಾಡಿನಲ್ಲಿದ್ದವರ ವಾಡಿಕೆಯ ಬಳಕೆಯು ಸರ್ಕಾರದ ಅನುಮತಿಗೆ ಒಳಪಟ್ಟಿತು.

1974ರಲ್ಲಿ ಈ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. 1987ರಲ್ಲಿ ಅದರ ವಿಸ್ತೀರ್ಣವನ್ನು ಸುಮಾರು 540 ಚದರ ಕಿ.ಮೀ.ಗೆ ಹೆಚ್ಚಿಸಲಾಯಿತು. ಅಲ್ಲಲ್ಲಿ ಕಾಡು ಕಡಿದು ರಾಗಿ ಬೆಳೆದು, ಕೆಲವು ವರ್ಷಗಳ ನಂತರ ಬೇರೆಡೆಗೆ ಸಾಗುತ್ತಿದ್ದ ಸೋಲಿಗರ ಕೃಷಿಪದ್ಧತಿ ನಿಂತುಹೋಯಿತು. ಅವರು ಪೋಡುಗಳೆಂದು ಕರೆಯಲಾಗುವ ನೆಲೆಗಳಲ್ಲಿ ಸ್ಥಿರವಾಗಿ ವಾಸಿಸತೊಡಗಿದರು.

ಎಲ್ಲೆ ಮತ್ತು ಪವಿತ್ರ ತಾಣಗಳು

ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆ ಇದೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ ಎಂಬ ಐದು ಬಗೆಯ ತಾಣಗಳಿಂದ ಎಲ್ಲೆಯನ್ನು ಗುರುತಿಸಲಾಗುತ್ತದೆ. ಇವುಗಳಲ್ಲಿ ಕಲ್ಲುಗುಡಿಯು ಗತಿಸಿದವರಿಗೂ ಅಬ್ಬಿಯು ನೀರಿನ ಸೆಲೆಗೂ ಸಂಬಂಧಿಸಿದೆ. ದೊಡ್ಡ ಸಂಪಿಗೆ ಎಂಬ ಪ್ರಾಚೀನ ಮರವು ಸೋಲಿಗರ ಪ್ರಮುಖ ಪವಿತ್ರ ತಾಣ. ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ (ಏಟ್ರೀ) ಸಂಶೋಧಕರು ಮತ್ತು ಸೋಲಿಗರು ಜೊತೆಗೂಡಿ ಇಂತಹ ನೂರಾರು ತಾಣಗಳನ್ನು ಗುರುತಿಸಿ ನಕ್ಷೆ ತಯಾರಿಸಿದರು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ವಲಯ ಮತ್ತು ಗಸ್ತುಗಳಾಗಿ ಕಾಣುವ ಪ್ರದೇಶವು ಈ ನಕ್ಷೆಯಲ್ಲಿ ಕುಲಗಳ ಎಲ್ಲೆಗಳಾಗಿ ಕಾಣುತ್ತದೆ. ಒಂದೇ ನೆಲವನ್ನು ಎರಡು ವ್ಯವಸ್ಥೆಗಳು ಎರಡು ರೀತಿಯಲ್ಲಿ ಗ್ರಹಿಸುವುದು ಪರಿಸರ ಸಮಾಜಶಾಸ್ತ್ರದ ಮುಖ್ಯ ಆಸಕ್ತಿಗಳಲ್ಲೊಂದು.

ಬೆಂಕಿ, ಲಂಟಾನ ಮತ್ತು ನೆಲ್ಲಿ

ಬೇಸಿಗೆಯ ಮೊದಲ ಭಾಗದಲ್ಲಿ ಒಣಗಿದ ಎಲೆಗಳಿಗೆ ಸಣ್ಣದಾಗಿ ಬೆಂಕಿ ಕೊಡುವ ವಾಡಿಕೆ ಸೋಲಿಗರಲ್ಲಿತ್ತು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ವನ್ಯಜೀವಿಧಾಮದ ಘೋಷಣೆಯ ನಂತರ ಇದಕ್ಕೆ ತಡೆ ಬಿದ್ದಿತು. ತರಗು ಬೆಂಕಿ ಇಲ್ಲದ್ದರಿಂದಲೇ ಲಂಟಾನ ಪೊದೆ ಕಾಡನ್ನು ಆವರಿಸಿತು, ನೆಲ್ಲಿಯ ಮರಗಳಿಗೆ ಬಂದಳಿಕೆ ಹತ್ತಿತು ಎಂಬುದು ಸೋಲಿಗರ ಹಿರಿಯರ ವಿವರಣೆ. ಬೆಂಕಿಯಿಂದ ಸಸಿಗಳೂ ಸಣ್ಣ ಪ್ರಾಣಿಗಳೂ ನಾಶವಾಗುತ್ತವೆ ಎಂಬುದು ಅರಣ್ಯ ಆಡಳಿತದ ನಿಲುವು.

ಏಟ್ರೀಯ ಸಂಶೋಧಕರು 1997ರಲ್ಲಿ ಪರಿಶೀಲಿಸಿದ ಅಧ್ಯಯನ ತಾಕುಗಳ ಪೈಕಿ ಶೇ. 41ರಲ್ಲಿ ಲಂಟಾನ ಕಂಡುಬಂದಿತ್ತು. 2008ರ ವೇಳೆಗೆ ಈ ಪ್ರಮಾಣ ಶೇ. 81ಕ್ಕೆ ಏರಿತ್ತು. ಬಂದಳಿಕೆಯ ಕುರಿತ ಸೋಲಿಗರ ವಿವರಣೆಯನ್ನು ವಿಜ್ಞಾನದ ವಿಧಾನಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ನೆಲ್ಲಿಕಾಯಿ ಕೊಯ್ಲನ್ನು ಮಾತ್ರ ಗಮನಿಸುವ ನಿರ್ವಹಣೆ ಸಾಲದು, ಬಂದಳಿಕೆ ಮತ್ತು ಬೆಂಕಿಯನ್ನೂ ಪರಿಗಣಿಸಬೇಕು ಎಂಬುದಕ್ಕೆ ಸ್ಥಳೀಯ ಜ್ಞಾನವು ದಾರಿ ತೋರಿಸಿತು. ಸೋಲಿಗರ ಪರಿಸರ ಜ್ಞಾನವನ್ನು ಭಾಷಾವಿಜ್ಞಾನಿ ಆಂಗ್ ಸಿ ಅವರು 2016ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಕಿರು ಅರಣ್ಯ ಉತ್ಪನ್ನಗಳ ನಿಷೇಧ

ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ ಮತ್ತು ಪಾಚಿಯನ್ನು ಸಂಗ್ರಹಿಸಿ ಲ್ಯಾಂಪ್ಸ್ ಎಂದು ಹೆಸರಾದ ಬುಡಕಟ್ಟು ಸಹಕಾರ ಸಂಘಗಳ ಮೂಲಕ ಮಾರುವುದು ಸೋಲಿಗರ ಮುಖ್ಯ ವರಮಾನವಾಗಿತ್ತು. 1990ರ ದಶಕದ ಅಧ್ಯಯನಗಳ ಪ್ರಕಾರ ಸೋಲಿಗ ಕುಟುಂಬಗಳ ನಗದು ಆದಾಯದ ಸುಮಾರು ಅರ್ಧದಷ್ಟು ಇದರಿಂದ ಬರುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಆಧರಿಸಿ, ಆ ದಶಕದ ಮಧ್ಯಭಾಗದಲ್ಲಿ ಮಾರಾಟಕ್ಕಾಗಿ ಮಾಡುವ ಸಂಗ್ರಹವನ್ನು ನಿಷೇಧಿಸಲಾಯಿತು. ಇದರಿಂದ ಅನೇಕರು ತೋಟಗಳಲ್ಲಿ ಮತ್ತು ಹೊರ ಊರುಗಳಲ್ಲಿ ಕೂಲಿ ಹುಡುಕಬೇಕಾಯಿತು. ಸಂರಕ್ಷಣೆಯ ಫಲ ಇಡೀ ನಾಡಿಗೆ ಸಲ್ಲುವಾಗ ಅದರ ವೆಚ್ಚವನ್ನು ಒಂದು ಸಮುದಾಯವೇ ಭರಿಸಬೇಕೇ ಎಂಬ ಪ್ರಶ್ನೆ ಇಲ್ಲಿ ಎದ್ದಿತು.

ಸಾಮುದಾಯಿಕ ಹಕ್ಕು

ಸಂಸತ್ತು 2006ರಲ್ಲಿ ಅಂಗೀಕರಿಸಿದ ಅರಣ್ಯ ಹಕ್ಕು ಕಾಯ್ದೆಯು ಕಾಡಿನಲ್ಲಿ ವಾಸಿಸುವವರ ವೈಯಕ್ತಿಕ ಮತ್ತು ಸಾಮುದಾಯಿಕ ಹಕ್ಕುಗಳನ್ನು ಮಾನ್ಯ ಮಾಡಿತು. ಅದರನ್ವಯ ಸೋಲಿಗರ ಗ್ರಾಮಸಭೆಗಳು ಅರ್ಜಿ ಸಲ್ಲಿಸಿದವು. ಅದೇ ಸಂದರ್ಭದಲ್ಲಿ, 2011ರ ಜನವರಿಯಲ್ಲಿ, ಈ ವನ್ಯಜೀವಿಧಾಮವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸ್ಥಳಾಂತರದ ಆತಂಕದಿಂದ ಸೋಲಿಗರು ಪ್ರತಿಭಟಿಸಿದರು. 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕುಗಳು ಮಾನ್ಯವಾದ ದೇಶದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಕಿರು ಉತ್ಪನ್ನಗಳ ಸಂಗ್ರಹ, ಮಾರಾಟ ಮತ್ತು ಪವಿತ್ರ ತಾಣಗಳ ಪೂಜೆ ಈ ಹಕ್ಕುಗಳಲ್ಲಿ ಸೇರಿವೆ. ಹಕ್ಕುಪತ್ರ ದೊರೆತ ಮಾತ್ರಕ್ಕೆ ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಯ ಮಾತಿಗೆ ಮನ್ನಣೆ ದೊರೆಯುವುದಿಲ್ಲ ಎಂಬುದು ನಂತರದ ಚರ್ಚೆಗಳ ವಸ್ತುವಾಗಿದೆ.

ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯ ಮತ್ತು ಶಿಕ್ಷಣದ ಮೂಲಕ ಸೋಲಿಗರ ಸಂಘಟನೆಗೆ ನೆರವಾಯಿತು. ಸೋಲಿಗ ಸಮುದಾಯದ ಸಂಶೋಧಕ ಸಿ. ಮಾದೇಗೌಡ ಅವರು ಸುಷ್ಮಿತಾ ಮಂಡಲ್ ಮತ್ತು ನಿತಿನ್ ರೈ ಅವರೊಂದಿಗೆ ಪವಿತ್ರ ತಾಣಗಳು ಹಾಗೂ ಸಹಭಾಗಿ ಸಂರಕ್ಷಣೆಯನ್ನು ಕುರಿತು ಬರೆದಿದ್ದಾರೆ. ಅಧ್ಯಯನಕ್ಕೆ ವಸ್ತುವಾಗಿದ್ದ ಸಮುದಾಯದಿಂದಲೇ ಅಧ್ಯಯನಕಾರರು ಬಂದುದು ಗಮನಾರ್ಹ ಬದಲಾವಣೆ.

ನಿದರ್ಶನ: ಮಲೆ ಮಹದೇಶ್ವರ ಬೆಟ್ಟ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಅರಣ್ಯವನ್ನು 2013ರಲ್ಲಿ ವನ್ಯಜೀವಿಧಾಮವಾಗಿ ಘೋಷಿಸಲಾಯಿತು. ಹುಲಿಯನ್ನೇರಿದ ಮಾದಪ್ಪನನ್ನು ಆರಾಧಿಸುವ ಈ ಸೀಮೆಯಲ್ಲಿ ಸೋಲಿಗರು, ಬೇಡಗಂಪಣರು ಮತ್ತು ಇತರ ಸಮುದಾಯಗಳು ವಾಸಿಸುತ್ತವೆ. ದನಗಳನ್ನು ಕಾಡಿಗೆ ಹೊಡೆದು ಮೇಯಿಸುವುದು ಇಲ್ಲಿ ಹಿಂದಿನಿಂದ ಬಂದ ಜೀವನೋಪಾಯ. 2025ರ ಜೂನ್‌ನಲ್ಲಿ ಈ ಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತಿರುವುದು ಪತ್ತೆಯಾಯಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ ಆರೋಪದ ಮೇಲೆ ಸ್ಥಳೀಯರನ್ನು ಬಂಧಿಸಲಾಯಿತು. ಇದರ ಬೆನ್ನಲ್ಲೇ ರಾಜ್ಯದ ಅರಣ್ಯಗಳಲ್ಲಿ ದನಕರು ಮೇಯಿಸುವುದನ್ನು ನಿರ್ಬಂಧಿಸಲು ಅರಣ್ಯ ಸಚಿವರು ಸೂಚಿಸಿದಾಗ ರೈತ ಸಂಘಟನೆಗಳಿಂದ ವಿರೋಧ ವ್ಯಕ್ತವಾಯಿತು.

ಇಂತಹ ಘಟನೆಯನ್ನು ಅಪರಾಧವೆಂದು ದಾಖಲಿಸುವುದು ಕಾನೂನಿನ ಕೆಲಸ. ಜಾನುವಾರು ನಷ್ಟಕ್ಕೆ ಪರಿಹಾರ ಯಾರಿಗೆ, ಎಷ್ಟು ಬೇಗ ದೊರೆಯುತ್ತದೆ, ಕಾಡಿನಲ್ಲಿ ಮೇಯುವ ಮಂದೆಯ ಮಾಲೀಕರು ಯಾರು, ಮೇವಿಗೆ ಬೇರೆ ದಾರಿ ಇದೆಯೇ ಎಂದು ವಿಚಾರಿಸುವುದು ಸಮಾಜಶಾಸ್ತ್ರದ ಕೆಲಸ. ಕಾರಣಗಳು ಕೆಲವೊಮ್ಮೆ ಬಹುದೂರದಲ್ಲಿರುತ್ತವೆ. ಇದೇ ಜಿಲ್ಲೆಯ ಬಂಡೀಪುರದ ಅಂಚಿನಲ್ಲಿ ಎಂ.ಡಿ. ಮಧುಸೂದನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ಕಾಫಿ ತೋಟಗಳಿಗೆ ಸಗಣಿ ಗೊಬ್ಬರದ ಬೇಡಿಕೆ ಹೆಚ್ಚಿ, ಅದಕ್ಕಾಗಿ ಹಳ್ಳಿಗಳಲ್ಲಿ ದನ ಸಾಕುವುದು ಮತ್ತು ಕಾಡಿನಲ್ಲಿ ಮೇಯಿಸುವುದು ಹೆಚ್ಚಾದುದನ್ನು ತೋರಿಸಿತು.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀಯ ತರಬೇತಿಯಿಂದ ಲಂಟಾನ ಕಡ್ಡಿಗಳನ್ನು ಬಳಸಿ ಪೀಠೋಪಕರಣ ತಯಾರಿಸಲು ಕಲಿತರು. ಬಿದಿರು ದೊರೆಯದ ಕಡೆ ಕಳೆ ಗಿಡವೇ ಕಸುಬಿನ ಸಾಮಗ್ರಿಯಾಯಿತು.

ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ

ಸರ್ವೋಚ್ಚ ನ್ಯಾಯಾಲಯವು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ನೀಡಿದ ನಿರ್ದೇಶನದಿಂದ ಪರಿಸರ ಶಿಕ್ಷಣವು ದೇಶದ ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗುವ ದಾರಿ ತೆರೆಯಿತು. ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯವನ್ನು ರೂಪಿಸಿತು. ಎಲ್ಲ ವಿದ್ಯಾರ್ಥಿಗಳೂ ಓದುವ ಈ ಪರಿಸರ ಅಧ್ಯಯನವೇ ಪರಿಸರ ಸಮಾಜಶಾಸ್ತ್ರವಲ್ಲ. ಪರಿಸರ ಸಮಾಜಶಾಸ್ತ್ರವನ್ನು ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿಯ ಒಂದು ಪತ್ರಿಕೆಯಾಗಿ ಬೋಧಿಸಲಾಗುತ್ತದೆ. ಹೆಚ್ಚಿನ ಅಧ್ಯಯನವು ಪಿಎಚ್.ಡಿ. ಮಟ್ಟದಲ್ಲಿ ನಡೆಯುತ್ತದೆ. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಈ ಕ್ಷೇತ್ರದ ಸಂಶೋಧನೆಗೆ ಹೆಸರಾದ ರಾಜ್ಯದ ಸಂಸ್ಥೆಗಳಲ್ಲೊಂದು.

ಕ್ಷೇತ್ರಕಾರ್ಯವು ಈ ಅಧ್ಯಯನದ ಅವಿಭಾಜ್ಯ ಅಂಗ. ಸಂದರ್ಶನ, ಸಹಭಾಗಿ ವೀಕ್ಷಣೆ, ಮನೆವಾರು ಸಮೀಕ್ಷೆ, ಜನರೊಂದಿಗೆ ಕೂಡಿ ನಕ್ಷೆ ಬರೆಯುವುದು, ಕಂದಾಯ ಮತ್ತು ಅರಣ್ಯ ದಾಖಲೆಗಳ ಪರಿಶೀಲನೆ, ಉಪಗ್ರಹ ಚಿತ್ರಗಳ ಹೋಲಿಕೆ ಇದರಲ್ಲಿ ಬಳಕೆಯಾಗುವ ವಿಧಾನಗಳು. ಕೊಳ್ಳೇಗಾಲದ ಹೊಳೆ ಬಯಲಿನ ಧನಗೆರೆಯಂತಹ ಗ್ರಾಮದ ವಿದ್ಯಾರ್ಥಿಗೆ ತನ್ನ ಊರಿನ ಕಾಲುವೆ ನೀರಿನ ಸರದಿ, ಗೋಮಾಳದ ಒತ್ತುವರಿ ಅಥವಾ ಕಲ್ಲು ಗಣಿಯ ಧೂಳು ಕೂಡ ಪ್ರಬಂಧದ ವಿಷಯವಾಗಬಲ್ಲದು. ಸ್ಥಳೀಯ ಕನ್ನಡವನ್ನು ಬಲ್ಲವರಿಗೆ ಇಲ್ಲಿ ಅನುಕೂಲವಿದೆ. ತರಗು ಬೆಂಕಿ ಮತ್ತು ಕಾಡ್ಗಿಚ್ಚು ಒಂದೇ ಅಲ್ಲ ಎಂಬುದು ಆ ಮಾತುಗಳ ಬಳಕೆಯಿಂದಲೇ ತಿಳಿಯುತ್ತದೆ. ಎರಡನ್ನೂ ಒಂದೇ ಪದದಲ್ಲಿ ದಾಖಲಿಸುವ ವರದಿಯಲ್ಲಿ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಅಧ್ಯಯನಕ್ಕೆ ನೈತಿಕ ಹೊಣೆಯೂ ಇದೆ. ಮಾಹಿತಿ ನೀಡುವವರ ಒಪ್ಪಿಗೆ ಪಡೆಯುವುದು, ಅವರ ಗುರುತನ್ನು ಕಾಪಾಡುವುದು, ಸಮುದಾಯವು ಬಯಸದಿದ್ದಲ್ಲಿ ಪವಿತ್ರ ತಾಣಗಳ ಅಥವಾ ಔಷಧಿ ಸಸ್ಯಗಳ ನೆಲೆಯನ್ನು ಬಹಿರಂಗಪಡಿಸದಿರುವುದು ಹಾಗೂ ಅಧ್ಯಯನದ ಫಲಿತಾಂಶವನ್ನು ಜನರ ಭಾಷೆಯಲ್ಲಿ ಅವರಿಗೆ ಹಿಂದಿರುಗಿಸುವುದು ಅವಶ್ಯಕ. ಮೇಯಿಸುವಿಕೆ, ಬೆಂಕಿ ಮತ್ತು ಸಂಗ್ರಹದ ಬಗ್ಗೆ ನಂಬಿಕೆಯಿಂದ ಹೇಳಿದ ಮಾತು ಹೇಳಿದವರ ಮೇಲಿನ ಮೊಕದ್ದಮೆಗೆ ಆಧಾರವಾಗದಂತೆ ಎಚ್ಚರ ವಹಿಸಬೇಕಾಗುತ್ತದೆ.

ಟೀಕೆಗಳು

ಈ ಶಾಖೆಯು ಪ್ರಕೃತಿಯ ಸ್ಥಿತಿಗಿಂತ ಪ್ರಕೃತಿಯ ಕುರಿತ ವಾದಗಳಿಗೆ ಹೆಚ್ಚು ಗಮನ ಕೊಡುತ್ತದೆ ಎಂಬ ಆಕ್ಷೇಪ ವಿಜ್ಞಾನಿಗಳಲ್ಲಿದೆ. ಸ್ಥಳೀಯ ಸಮುದಾಯಗಳನ್ನು ಪ್ರಕೃತಿಯ ಸಹಜ ರಕ್ಷಕರೆಂದು ಚಿತ್ರಿಸುವ ಬರಹಗಳು ಆ ಸಮುದಾಯಗಳ ಒಳಗಿನ ಅಸಮಾನತೆಯನ್ನೂ, ಮಾರುಕಟ್ಟೆ ಮತ್ತು ಶಿಕ್ಷಣದಿಂದ ಅವುಗಳಲ್ಲಿ ಆಗುತ್ತಿರುವ ಬದಲಾವಣೆಗಳನ್ನೂ ಮರೆಸುತ್ತವೆ ಎಂಬ ಟೀಕೆಯೂ ಇದೆ. ಭಾರತದ ಅಧ್ಯಯನಗಳು ಕಾಡು ಮತ್ತು ಹಳ್ಳಿಗಳಿಗೆ ಕೊಟ್ಟಷ್ಟು ಗಮನವನ್ನು ನಗರದ ಚರಂಡಿ, ಕಸ ಮತ್ತು ಅವುಗಳನ್ನು ನಿರ್ವಹಿಸುವ ಕಾರ್ಮಿಕರ ಜಾತಿ ಹಿನ್ನೆಲೆಗೆ ಕೊಟ್ಟಿಲ್ಲ ಎಂದೂ ವಿಮರ್ಶಕರು ಹೇಳುತ್ತಾರೆ.

ಇವನ್ನೂ ನೋಡಿ

ಸಮಾಜಶಾಸ್ತ್ರ
ಸೋಲಿಗ
ಬಿಳಿಗಿರಿರಂಗನ ಬೆಟ್ಟ
ಮಲೆ ಮಹದೇಶ್ವರ ಬೆಟ್ಟ
ಅಪ್ಪಿಕೊ ಚಳವಳಿ
ಅರಣ್ಯ ಹಕ್ಕು ಕಾಯ್ದೆ